ಎರಡು ಫ್ರೀ ಕಿಕ್, ಒಂದು ದಿನದ ಅಂತರ

ಬೆಂಗಳೂರು, ಏಪ್ರಿಲ್ 2023

ಮಾನ್ಯ ಸಂಪಾದಕರೇ,

ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನ 2022–23ರ ಆವೃತ್ತಿ ಮುಗಿದು ಮೂರು ವಾರವಾಗುತ್ತ ಬಂದರೂ ಮಾರ್ಚ್ 3ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀ ಕಿಕ್‌ನಲ್ಲಿ ಹೊಡೆದ ಗೋಲಿನ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ಆ ಗೋಲನ್ನು ಒಪ್ಪದೆ ಅಂಗಣ ಬಿಟ್ಟು ನಡೆದ ಕೇರಳ ಬ್ಲಾಸ್ಟರ್ಸ್ ತಂಡಕ್ಕೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿಯು 4 ಕೋಟಿ ರೂಪಾಯಿ ದಂಡವನ್ನೂ, ಕೋಚ್ ಇವಾನ್ ವುಕೊಮಾನೊವಿಚ್ ಅವರಿಗೆ 10 ಪಂದ್ಯಗಳ ನಿಷೇಧದ ಜೊತೆಗೆ 5 ಲಕ್ಷ ರೂಪಾಯಿ ದಂಡವನ್ನೂ ವಿಧಿಸಿದ ಮೇಲೆ, ನಿಮ್ಮ ಪತ್ರಗಳ ಅಂಕಣದಲ್ಲಿ ಓದುಗರೊಬ್ಬರು ಶಿಕ್ಷೆಯನ್ನು ಒಪ್ಪುತ್ತಲೇ, ಆ ಗೋಲು ನಿಯಮಕ್ಕೆ ಸರಿಯಿದ್ದರೂ ಮರ್ಯಾದೆಗೆ ಸರಿಯಲ್ಲ ಎಂಬ ಅರ್ಥದಲ್ಲಿ ಬರೆದಿದ್ದಾರೆ. ಮೂವತ್ತು ವರ್ಷ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದು, ರಜೆಯ ದಿನಗಳಲ್ಲಿ ಬೆಂಗಳೂರಿನ ಕೆಳ ಡಿವಿಷನ್ ಪಂದ್ಯಗಳಿಗೆ ವಿಸಿಲ್ ಊದಿದ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಒಂದು ಗೋಲಿನ ಮೇಲೆ ನಾವೆಲ್ಲ ಖರ್ಚು ಮಾಡಿದ ಮಾತಿನ ನಡುವೆ ಮರುದಿನವೇ ನಡೆದ ಇನ್ನೊಂದು ಸಂಗತಿ ಮರೆತೇ ಹೋಯಿತಲ್ಲ ಎಂಬ ಸಂಕಟದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಗೋಲಿನ ವಿಚಾರ. ಫ್ರೀ ಕಿಕ್ ಎಂಬುದು ತಪ್ಪಿಗೆ ಒಳಗಾದ ತಂಡಕ್ಕೆ ಸಿಗುವ ಪರಿಹಾರವೇ ಹೊರತು, ತಪ್ಪು ಮಾಡಿದ ತಂಡಕ್ಕೆ ಆಟಗಾರರನ್ನು ಸಾಲಾಗಿ ನಿಲ್ಲಿಸಿ ಗೋಡೆ ಕಟ್ಟಿಕೊಳ್ಳಲು ಸಿಗುವ ಬಿಡುವು ಅಲ್ಲ. ಎದುರಾಳಿಗಳು 10 ಗಜ, ಅಂದರೆ 9.15 ಮೀಟರ್ ದೂರ ನಿಲ್ಲಬೇಕೆಂಬುದು ಒದೆಯುವವನ ಅನುಕೂಲಕ್ಕಾಗಿ ಮಾಡಿದ ನಿಯಮ. ಆ ಅನುಕೂಲ ತನಗೆ ಬೇಡವೆಂದು ಅವನು ಬಿಟ್ಟುಕೊಟ್ಟರೆ ಚೆಂಡು ನಿಂತ ಕೂಡಲೇ ಒದೆಯಬಹುದು. ರೆಫ್ರಿ ದೂರ ಅಳೆಯಲು ಮುಂದಾಗಿ, ವಿಸಿಲ್‌ಗೆ ಕಾಯಿರಿ ಎಂದು ಸೂಚಿಸಿದ ಮೇಲೆ ಮಾತ್ರ ಕಾಯಲೇಬೇಕಾಗುತ್ತದೆ. ಛೆಟ್ರಿ ತಾವು ವಿಸಿಲ್ಲೂ ಬೇಡ, ಗೋಡೆಯೂ ಬೇಡ ಎಂದು ರೆಫ್ರಿ ಕ್ರಿಸ್ಟಲ್ ಜಾನ್ ಅವರಿಗೆ ಮೊದಲೇ ತಿಳಿಸಿದ್ದಾಗಿ ಪಂದ್ಯದ ನಂತರ ಹೇಳಿದರು. ಆ ರಾತ್ರಿ ಗ್ಯಾಲರಿಯಲ್ಲಿ ಕುಳಿತಿದ್ದ ನನಗೆ ಆ ಮಾತು ಕೇಳಿಸುವಂತಿರಲಿಲ್ಲ, ನಿಜ. ಆದರೆ ಕೇರಳದ ಅಡ್ರಿಯನ್ ಲೂನಾ ಚೆಂಡಿಗೆ ಅಡ್ಡ ನಿಂತದ್ದು ಕಣ್ಣಿಗೆ ಬಿತ್ತು. ಚೆಂಡು ಈಗಲೇ ಬರಬಹುದು ಎಂಬ ಅನುಮಾನ ಒಬ್ಬರಿಗಾದರೂ ಇತ್ತೆಂದೇ ಅದರ ಅರ್ಥ. ಅವರು ಬೆನ್ನು ತಿರುಗಿಸಿದ ಗಳಿಗೆಯಲ್ಲಿ, ಗೋಲ್‌ಕೀಪರ್ ಇನ್ನೂ ಗೋಡೆಯನ್ನು ಸರಿಪಡಿಸುತ್ತಿರುವಾಗ, ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಬಲೆಗೆ ಹಾಕಿದರು. ಆಗ ಹೆಚ್ಚುವರಿ ಅವಧಿಯ 6ನೇ ನಿಮಿಷ, ಒಟ್ಟು ಲೆಕ್ಕದಲ್ಲಿ 96ನೆಯದು. ಕ್ರೀಡಾಂಗಣದ ಅರ್ಧ ಜನ ಕೂಗಿದರು, ಉಳಿದರ್ಧ ಜನ ಇದು ಗೋಲೇ ಎಂದು ಪಕ್ಕದವರನ್ನು ಕೇಳಿದರು. ವುಕೊಮಾನೊವಿಚ್ ಕೈಬೀಸಿ ತಮ್ಮ ಆಟಗಾರರನ್ನು ಹೊರಗೆ ಕರೆದುಕೊಂಡ ಮೇಲೆ ಸುಮಾರು 20 ನಿಮಿಷ ಕಾದು, 1–0ರಿಂದ ಬೆಂಗಳೂರು ಗೆದ್ದಿತೆಂದು ತೀರ್ಮಾನವಾಯಿತು.

ಕೇರಳದವರ ಸಿಟ್ಟು ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ನಮ್ಮ ಬೀದಿಯಲ್ಲೇ ಹಳದಿ ಅಂಗಿ ತೊಟ್ಟು ಹೊರಟ ಮಲಯಾಳಿ ಹುಡುಗರಿದ್ದರು. ಅವರ ಮುಖ ಮರುದಿನ ನೋಡುವಂತಿರಲಿಲ್ಲ. ಆದರೆ ಇನ್ನೂ 24 ನಿಮಿಷದ ಆಟ ಬಾಕಿ ಇರುವಾಗ ಸಮಗೊಳಿಸುವ ಅವಕಾಶವನ್ನು ಕೈಯಾರೆ ಬಿಟ್ಟು ನಡೆದದ್ದನ್ನು ಪ್ರತಿಭಟನೆ ಎಂದು ನಾನು ಕರೆಯಲಾರೆ. ಇನ್ನೊಂದು ಮಾತು. ಆ ನಾಕೌಟ್ ಪಂದ್ಯ ಕಂಠೀರವದಲ್ಲಿ ನಡೆದದ್ದೇ ಬೆಂಗಳೂರು ಎಫ್‌ಸಿ ಲೀಗ್ ಹಂತದಲ್ಲಿ 34 ಅಂಕಗಳೊಡನೆ 4ನೇ ಸ್ಥಾನ, ಕೇರಳ 31 ಅಂಕಗಳೊಡನೆ 5ನೇ ಸ್ಥಾನ ಪಡೆದದ್ದರಿಂದ. ಈ 3 ಅಂಕದ ಅಂತರ ಎಲ್ಲಿಂದ ಬಂತೆಂದು ಹುಡುಕಿದರೆ, ಫೆಬ್ರುವರಿ 11ರಂದು ಇದೇ ಅಂಗಣದಲ್ಲಿ ರಾಯ್ ಕೃಷ್ಣ ಹೊಡೆದ ಒಂದೇ ಗೋಲು ಸಾಕು. ಆ ಗೋಲಿನ ಬಗ್ಗೆ ಯಾರೂ ಪತ್ರ ಬರೆಯಲಿಲ್ಲ.

ವಾಸ್ತವವಾಗಿ ಈ ಋತುವಿನ ಕಥೆ ಇರುವುದು ಅಲ್ಲಿಯೇ. ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಡ್ಯುರಾಂಡ್ ಕಪ್ ಗೆದ್ದು ಬಂದ ಬೆಂಗಳೂರು ತಂಡ, ಲೀಗ್‌ನ ಮೊದಲ 12 ಪಂದ್ಯಗಳಲ್ಲಿ 8 ಸೋತು ಬರೀ 10 ಅಂಕ ಗಳಿಸಿತ್ತು. ಡಿಸೆಂಬರ್ ಕೊನೆಗೆ ಕೋಚ್ ಸೈಮನ್ ಗ್ರೇಸನ್ ಅವರನ್ನು ಕಳಿಸಿಬಿಡಬೇಕೆಂದು ಹೇಳದ ಬೆಂಗಳೂರಿನ ಫುಟ್‌ಬಾಲ್ ಪ್ರೇಮಿಯನ್ನು ನಾನು ಕಂಡಿಲ್ಲ. ನಾನೂ ಹಾಗೆಯೇ ಹೇಳುತ್ತಿದ್ದೆ. ಅದರ ನಂತರದ 8 ಪಂದ್ಯಗಳನ್ನು ತಂಡ ಒಂದನ್ನೂ ಬಿಡದೆ ಗೆದ್ದಿತು. 18 ಪಂದ್ಯಗಳಲ್ಲಿ ಸೋಲರಿಯದೆ ಬಂದು, 46 ಅಂಕಗಳೊಡನೆ ಲೀಗ್ ಹಂತದ ಅಗ್ರಸ್ಥಾನಕ್ಕೆ ಸಿಗುವ ಲೀಗ್ ಶೀಲ್ಡ್ ಗೆದ್ದ ಮುಂಬೈ ಸಿಟಿಯ ಓಟವನ್ನು ತಡೆದದ್ದೂ ಆ ಎಂಟರಲ್ಲಿ ಒಂದು. ಸೆಮಿಫೈನಲ್‌ನಲ್ಲಿ ಅದೇ ಮುಂಬೈ ಮತ್ತೆ ಎದುರಾದಾಗ, ಎರಡು ಪಂದ್ಯ ಸೇರಿ 2–2 ಆಗಿ, ಪೆನಾಲ್ಟಿ ಶೂಟೌಟ್ ಒಂಬತ್ತನೇ ಒದೆತದವರೆಗೂ ಹೋಯಿತು. ಆ ಸಂಜೆ ಮುಂಬೈಗೆ ಗೋಲು ತಂದುಕೊಟ್ಟಿದ್ದ ಮೆಹತಾಬ್ ಸಿಂಗ್ ಅವರ ಒದೆತವನ್ನೇ ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಸಂದೇಶ್ ಜಿಂಗನ್ ಮುಂದಿನ ಒದೆತದಲ್ಲಿ 9–8 ಮಾಡಿದರು. ಲೀಗ್‌ನಲ್ಲಿ 12 ಅಂಕ ಮುಂದಿದ್ದ ತಂಡ ಹೀಗೆ ಮನೆಗೆ ಹೋಗುವುದು ನ್ಯಾಯವೇ ಎಂದು ಕೇಳಿದರೆ, ಬೆಂಗಳೂರಿನವನಾಗಿದ್ದರೂ ಅಲ್ಲ ಎಂದೇ ಹೇಳುತ್ತೇನೆ. ಅದು ಬೇರೊಂದು ಪತ್ರದ ವಿಷಯ. ಮಾರ್ಚ್ 18ರಂದು ಗೋವಾದ ಫತೋರ್ದಾದಲ್ಲಿ ನಡೆದ ಫೈನಲ್ 2–2 ಆಗಿ, ಶೂಟೌಟ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ 4–3ರಿಂದ ಗೆದ್ದದ್ದು ಎಲ್ಲರಿಗೂ ಗೊತ್ತಿದೆ.

ಎಂಟು ಗೆಲುವಿನ ಓಟದಲ್ಲಿ ಎದ್ದು ಕಂಡ ಹೆಸರು ಶಿವಶಕ್ತಿ ನಾರಾಯಣನ್ ಅವರದು. ತಮಿಳುನಾಡಿನ ಈ ಹುಡುಗ ಬೆಂಗಳೂರು ಎಫ್‌ಸಿಯ (ಬಿಎಫ್‌ಸಿ) ಮೀಸಲು ತಂಡದಲ್ಲಿ ಪಳಗಿ ಮೇಲೆ ಬಂದು, ಋತುವಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಛೆಟ್ರಿಯಂಥವರನ್ನು ಬೆಂಚಿನಲ್ಲಿ ಕೂರಿಸುವ ಧೈರ್ಯ ಗ್ರೇಸನ್ ಅವರಿಗೆ ಬಂದದ್ದು ಇಂಥ ಹುಡುಗರಿಂದ. ಆ ಮೀಸಲು ತಂಡ ಆಡುವುದು ಬೆಂಗಳೂರು ಸೂಪರ್ ಡಿವಿಷನ್ ಲೀಗ್‌ನಲ್ಲಿ, ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಬಹುತೇಕ ಖಾಲಿ ಮೆಟ್ಟಿಲುಗಳ ಎದುರು.

ಮರುದಿನದ ಸಂಗತಿ ಎಂದೆನಲ್ಲ, ಅದು ಈಗ. ಛೆಟ್ರಿಯ ಗೋಲು ಬಂದದ್ದು ಶುಕ್ರವಾರ. ಶನಿವಾರ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡವು ಮೇಘಾಲಯವನ್ನು 3–2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಸಂತೋಷ್ ಟ್ರೋಫಿಯ ಫೈನಲ್ ಹೊರದೇಶದಲ್ಲಿ ನಡೆದದ್ದು ಇದೇ ಮೊದಲು. ಮೈಸೂರು ರಾಜ್ಯ ಎಂಬ ಹೆಸರಿನಲ್ಲಿ ನಮ್ಮವರು ಈ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿದ್ದರು, ಕೊನೆಯದು 1968–69ರಲ್ಲಿ. ಕರ್ನಾಟಕ ಎಂಬ ಹೆಸರಿನಲ್ಲಿ ಇದು ಮೊದಲ ಗೆಲುವು, 54 ವರ್ಷಗಳ ನಂತರ. ಸುನಿಲ್ ಕುಮಾರ್ ಮತ್ತು ಬೆಕೆ ಓರಂ ಒಂದೊಂದು ಗೋಲು ಹೊಡೆದರು. ವಿರಾಮಕ್ಕೆ ಸ್ವಲ್ಪ ಮುಂಚೆ ರಾಬಿನ್ ಯಾದವ್ ಫ್ರೀ ಕಿಕ್‌ನಲ್ಲಿ ಮೂರನೆಯದನ್ನು ಸೇರಿಸಿದರು. ಈ ಮೂರನೆಯ ಗೋಲಿಗೆ ಗೋಡೆಯೂ ಇತ್ತು, ಗೋಲ್‌ಕೀಪರೂ ಜಾಗದಲ್ಲಿದ್ದರು.

ಭಾನುವಾರ ಬೆಳಿಗ್ಗೆ ನಾನು ಹಲಸೂರಿನ ಒಂದು ಆಟದ ಬಯಲಿಗೆ ಹೋಗಿದ್ದೆ. ಹತ್ತು–ಹನ್ನೆರಡು ವರ್ಷದ ಹುಡುಗರು ಎರಡು ಚಪ್ಪಲಿಗಳನ್ನು ಗೋಲ್‌ಪೋಸ್ಟ್ ಮಾಡಿಕೊಂಡು ಶುಕ್ರವಾರದ ಪ್ರಸಂಗವನ್ನು ಆಡುತ್ತಿದ್ದರು. ಒಬ್ಬ ಛೆಟ್ರಿ, ಒಬ್ಬ ಅಡ್ಡ ನಿಂತು ಬೆನ್ನು ತಿರುಗಿಸುವ ಲೂನಾ, ಇನ್ನೊಬ್ಬ ಅಣ್ಣನ ದೊಡ್ಡ ಅಂಗಿ ಹಾಕಿಕೊಂಡು ಗೆರೆಯಾಚೆ ನಿಂತು ‘ಬನ್ರೋ, ಎಲ್ಲಾ ಬನ್ರೋ ಆಚೆಗೆ’ ಎಂದು ಕೈಬೀಸುವ ಕೋಚ್. ಗೋಲಾದ ಮೇಲೆ ಅರ್ಧ ಹುಡುಗರು ಮುಖ ಊದಿಸಿಕೊಂಡು ನಲ್ಲಿಯ ಹತ್ತಿರ ಹೋಗಿ ನೀರು ಕುಡಿದು ಬರುತ್ತಿದ್ದರು. ಆಮೇಲೆ ಪಾತ್ರ ಬದಲಾಯಿಸಿ ಮತ್ತೆ ಮೊದಲಿನಿಂದ. ನಗು ತಡೆದುಕೊಂಡು, ನಿನ್ನೆ ಕರ್ನಾಟಕ ಗೆದ್ದದ್ದು ಗೊತ್ತೇ ಎಂದು ಕೇಳಿದೆ. ‘ರಣಜಿನಾ ಸಾರ್?’ ಎಂದ ಒಬ್ಬ. ಸಂತೋಷ್ ಟ್ರೋಫಿ ಎಂದಾಗ ಸುಮ್ಮನಾದರು. ಅವರನ್ನು ನಾನು ದೂರುವುದಿಲ್ಲ. ಅವರ ಮನೆಗೆ ಬರುವ ಯಾವ ಪತ್ರಿಕೆಯಲ್ಲೂ, ಟಿವಿಯಲ್ಲೂ ಈ ಆಟಗಾರರ ಹೆಸರು ಆ ಭಾನುವಾರದವರೆಗೆ ಒಮ್ಮೆಯೂ ಬಂದಿರಲಿಕ್ಕಿಲ್ಲ; ಬಂದ ದಿನವೂ ವುಕೊಮಾನೊವಿಚ್ ಅವರ ಚಿತ್ರಕ್ಕಿಂತ ಕೆಳಗೆ ಬಂತು.

ಬೆಂಗಳೂರು ಎಫ್‌ಸಿಯಲ್ಲಿ ಕನ್ನಡಿಗರೇಕಿಲ್ಲ ಎಂಬ ಹಳೆಯ ದೂರನ್ನು ಎತ್ತುವುದು ನನ್ನ ಉದ್ದೇಶವಲ್ಲ. ಫೈನಲ್ ಆಡಿದ ಹನ್ನೊಂದು ಮಂದಿಯಲ್ಲಿ ಈ ರಾಜ್ಯದವರು ಯಾರೂ ಇರಲಿಲ್ಲ ಎಂಬುದು ನಿಜವೇ. ಆದರೆ ರಿಯಾದ್‌ನಲ್ಲಿ ಗೋಲು ಹೊಡೆದವರ ಹೆಸರುಗಳನ್ನೂ ನೋಡಿ. ಇಲ್ಲಿನ ಮೈದಾನದಲ್ಲಿ ಬೆವರು ಹರಿಸಿದವರು ಇಲ್ಲಿಯವರು ಎಂಬುದು ನಮ್ಮ ಫುಟ್‌ಬಾಲ್ ಬಲ್ಲವರು ಮೊದಲಿನಿಂದ ಒಪ್ಪಿಕೊಂಡು ಬಂದ ಲೆಕ್ಕ. ಹಾಗೆಯೇ ನಮ್ಮವರೂ ಹೊರಗೆ ಹೋಗಿ ಹೆಸರು ಮಾಡಿದ್ದಾರೆ. ಬರಿಗಾಲಿನಲ್ಲಿ ಆಡಿ 1948 ಮತ್ತು 1952ರ ಒಲಿಂಪಿಕ್ಸ್ ಕಂಡ ಅಹ್ಮದ್ ಖಾನ್ ಬೆಂಗಳೂರಿನವರು, ಕೋಲ್ಕತ್ತದ ಈಸ್ಟ್ ಬೆಂಗಾಲ್ ಅಭಿಮಾನಿಗಳು ತಮ್ಮ ‘ಪಂಚಪಾಂಡವ’ರಲ್ಲಿ ಒಬ್ಬರೆಂದು ಇಂದಿಗೂ ನೆನೆಯುವಂಥವರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನ ಪಡೆದ ತಂಡದಲ್ಲಿ ಕೆಂಪಯ್ಯ ಇದ್ದರು. 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು. ಇವರು ಹೋಗಲು ಸಾಧ್ಯವಾದದ್ದು ಇಲ್ಲಿ ಅವರನ್ನು ನೋಡುವವರು ಇದ್ದುದರಿಂದ, ನೋಡಿದವರು ಮರುದಿನ ಪತ್ರಿಕೆಯಲ್ಲಿ ಹೆಸರು ಹುಡುಕುತ್ತಿದ್ದುದರಿಂದ.

ಬಿಎಫ್‌ಸಿ ಹುಟ್ಟಿದ 2013ರಲ್ಲಿ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ–ಲೀಗ್‌ನಲ್ಲಿ ತನ್ನ ಮೊದಲ ಋತುವನ್ನು ಅದು ಅಶೋಕನಗರದ ಅಂಗಣದಲ್ಲೇ ಆಡಿತು, ಮತ್ತು ಮೊದಲ ಯತ್ನದಲ್ಲೇ ಚಾಂಪಿಯನ್ ಆಯಿತು. ಆಗ ಒಂದು ವಿಶೇಷ ಕಂಡಿದ್ದೆ. ಹಲಸೂರು, ಆಸ್ಟಿನ್ ಟೌನ್ ಕಡೆಯ ಹಳೆಯ ಆಟಗಾರರು ಒಂದು ಮೂಲೆಯಲ್ಲಿ, ಕಾಲೇಜು ಮತ್ತು ಐಟಿ ಕಂಪನಿಗಳ ಹುಡುಗರು ಇನ್ನೊಂದು ಮೂಲೆಯಲ್ಲಿ ಕುಳಿತು ಒಂದೇ ಪಂದ್ಯ ನೋಡುತ್ತಿದ್ದರು. ವಿರಾಮದಲ್ಲಿ ಕಡಲೆಕಾಯಿ ಪೊಟ್ಟಣದೊಡನೆ ಮಾತೂ ಕೈಬದಲಾಗುತ್ತಿತ್ತು. ಮುಂದಿನ ವರ್ಷ ತಂಡ ಕಂಠೀರವಕ್ಕೆ ಹೋಯಿತು. ಹೋಗಬೇಕಾದ್ದೇ, ಜಾಗ ಸಾಲುತ್ತಿರಲಿಲ್ಲ. ಆದರೆ ಹಳಬರು ಅಶೋಕನಗರದಲ್ಲೇ ಉಳಿದರು, ಹೊಸಬರು ಕಂಠೀರವದಿಂದ ಈಚೆಗೆ ಬರಲಿಲ್ಲ. ಎರಡೂ ಅಂಗಣಗಳ ನಡುವೆ ಇರುವುದು ಆಟೊದಲ್ಲಿ ಹತ್ತು ನಿಮಿಷದ ದಾರಿ.

ಕ್ಲಬ್ ಏನು ಮಾಡಬೇಕು, ರಾಜ್ಯ ಸಂಸ್ಥೆ ಏನು ಮಾಡಬೇಕು ಎಂದು ಸಲಹೆ ಕೊಡುವವರು ಬೇಕಾದಷ್ಟು ಜನರಿದ್ದಾರೆ. ನನ್ನ ಕೋರಿಕೆ ತಮ್ಮಲ್ಲಿಯೇ. ತಮ್ಮ ಕ್ರೀಡಾ ಪುಟದಲ್ಲಿ ಪ್ರತಿ ಸೋಮವಾರ ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಅಂಕಪಟ್ಟಿ ಬರುತ್ತದೆ. ಅದು ಬರಲಿ, ನಾನೂ ಓದುತ್ತೇನೆ. ಅದರ ಕೆಳಗೆ ನಾಲ್ಕು ಸಾಲು ಜಾಗ ಮಾಡಿ, ಆ ವಾರದ ಸೂಪರ್ ಡಿವಿಷನ್ ಫಲಿತಾಂಶಗಳನ್ನೂ, ಗೋಲು ಹೊಡೆದವರ ಹೆಸರು ಮತ್ತು ನಿಮಿಷವನ್ನೂ ಪ್ರಕಟಿಸಬಹುದೇ? ಎಚ್‌ಎಎಲ್, ಐಟಿಐ, ಎಂಇಜಿ ಎಂಬ ತಂಡಗಳ ಹೆಸರುಗಳನ್ನು ಒಂದು ಕಾಲಕ್ಕೆ ಈ ಊರಿನ ಮಕ್ಕಳು ರಾಜ್ಯಗಳ ರಾಜಧಾನಿಗಳಂತೆ ಬಾಯಿಪಾಠ ಹೇಳುತ್ತಿದ್ದರು. ಮುಂದಿನ ಶಿವಶಕ್ತಿ ಯಾರು, ಮುಂದಿನ ರಾಬಿನ್ ಯಾದವ್ ಯಾರು ಎಂಬುದು ಆ ನಾಲ್ಕು ಸಾಲಿನಲ್ಲಿ ಎರಡು ವರ್ಷ ಮೊದಲೇ ಕಾಣಿಸುತ್ತದೆ.

ಮಾಹಿತಿ ಸಿಗುವುದಿಲ್ಲ ಎಂಬ ಕಾರಣ ಬೇಡ. ಹಿಂದೆ ಪಂದ್ಯ ಮುಗಿದ ಮೇಲೆ ಮ್ಯಾಚ್ ಶೀಟಿನ ಕಾರ್ಬನ್ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು, ಬೆವರಿನ ಅಂಗಿಯಲ್ಲೇ ಬಸ್ಸು ಹತ್ತಿ, ರಾತ್ರಿ ಎಂಟರೊಳಗೆ ಪತ್ರಿಕಾ ಕಚೇರಿಗಳ ಬಾಗಿಲಲ್ಲಿ ಕೊಟ್ಟು ಬರುತ್ತಿದ್ದ ರೆಫ್ರಿಗಳಲ್ಲಿ ನಾನೂ ಒಬ್ಬ. ಈಗ ಆ ಶೀಟನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದು ಕಳಿಸಲು ಒಂದು ನಿಮಿಷ ಸಾಕು. ಯಾವ ಸಂಖ್ಯೆಗೆ ಕಳಿಸಬೇಕು, ಎಷ್ಟು ಗಂಟೆಯೊಳಗೆ ಕಳಿಸಬೇಕು ಎಂದು ತಮ್ಮ ಕ್ರೀಡಾ ವಿಭಾಗದವರು ತಿಳಿಸಿದರೆ, ಮುಂದಿನ ಪಂದ್ಯದಿಂದಲೇ ಆ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕ, ಹಲಸೂರು, ಬೆಂಗಳೂರು