ಎಲ್ಲಿಗೆ ನಿಲ್ಲಿಸಿದೆ ಅಂತ ಬರೆದಿಡು

ತಮ್ಮಾ,

ನಿನ್ನ ಮೇಲ್ ಓದಿದೆ. ಕಾದಂಬರಿ ಬರೆಯೋಕೆ ಯಾವ ಆ್ಯಪ್ ಒಳ್ಳೆಯದು ಅಂತ ಕೇಳಿದ್ದೀಯ. ಅದು ನನಗೆ ಗೊತ್ತಿಲ್ಲ. ಆದರೆ ಕೊನೆಯಲ್ಲಿ, ಶನಿವಾರ ಬರೆಯೋಕೆ ಕೂತರೆ ಹೋದ ವಾರ ಏನು ಯೋಚಿಸಿದ್ದೆ ಅಂತಲೇ ನೆನಪಿರಲ್ಲ ಅಂದಿದ್ದೀಯಲ್ಲ, ಅದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಮೊದಲೇ ಇರುವ, ಸಾದಾ ಟೆಕ್ಸ್ಟ್ ಬರೆಯುವ ನೋಟ್‌ಪ್ಯಾಡ್. ನಗಬೇಡ.

ಹೊಸ ಫೈಲ್ ತೆರೆ. ಮೊದಲ ಸಾಲಿನಲ್ಲಿ ಒಂದು ಚುಕ್ಕಿ, ಅದಕ್ಕೆ ಅಂಟಿಕೊಂಡ ಹಾಗೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಎಲ್, ಓ, ಜಿ. ಅಷ್ಟೇ ಹೊಡೆದು ಸೇವ್ ಮಾಡಿ ಮುಚ್ಚು. ಆಮೇಲೆ ಆ ಫೈಲ್ ತೆರೆದಾಗಲೆಲ್ಲ ಅವತ್ತಿನ ಸಮಯ, ತಾರೀಕು ತಾನಾಗಿಯೇ ಕೊನೆಯಲ್ಲಿ ಬಂದು ಕೂರುತ್ತದೆ. ಮಧ್ಯದಲ್ಲಿ ಇನ್ನೊಮ್ಮೆ ಬೇಕಾದರೆ ಎಫ್5 ಒತ್ತು.

ಏನು ಬರೆಯಬೇಕು? ನನ್ನ ಒಂದು ದಿನದ್ದು ಹೀಗಿದೆ: "6.10. ಸಂತೆಯ ಭಾಗ ಮತ್ತೆ ಬರೆದೆ. ಅಜ್ಜಿಯ ಮಾತು ಜಾಸ್ತಿ ಆಗಿತ್ತು, ಎರಡು ಪ್ಯಾರಾ ತೆಗೆದೆ. 7.25. ಬಸ್ ಬಂದು ನಿಲ್ಲುವಲ್ಲಿಗೆ ಬಿಟ್ಟೆ. ನಾಳೆ: ಇಳಿಯುವವನು ಅಣ್ಣನೋ ಪೋಸ್ಟ್‌ಮ್ಯಾನೋ?"

ಆ 'ನಾಳೆ' ಅನ್ನೋ ಸಾಲು ಇದೆಯಲ್ಲ, ಉಳಿದದ್ದೆಲ್ಲ ಬಿಟ್ಟರೂ ಅದೊಂದನ್ನು ಬಿಡಬೇಡ, ಯಾಕೆಂದರೆ ಮರುದಿನ ಖಾಲಿ ಪುಟ ನೋಡುತ್ತಾ ಕಾಫಿ ಆರಿಸುವ ಬದಲು ನೇರ ಬಸ್ ಸ್ಟ್ಯಾಂಡಿಗೇ ಹೋಗಿ ನಿಲ್ಲಬಹುದು. ಇದು ಡೈರಿ ಅಲ್ಲ. ಮನಸ್ಸಿನ ಗೋಳು ಇಲ್ಲಿ ಬೇಡ. ಏನೂ ಬರೆಯದ ದಿನ "ನಲ್ಲಿ ರಿಪೇರಿ, ಕೂರಲಿಲ್ಲ" ಅಂತ ಹಾಕು, ಸಾಕು. ಪದಗಳ ಲೆಕ್ಕವನ್ನೂ ಇಡಬೇಡ. ನಾನು ಒಂದು ವರ್ಷ ಇಟ್ಟೆ. ಲೆಕ್ಕ ತುಂಬಿಸೋಕೆ ಸುಮ್ನೆ ಮಳೆ ಸುರಿಸಿದ ಪುಟಗಳು ಎಷ್ಟೋ!

ಸಾದಾ ಟೆಕ್ಸ್ಟ್, ಅದೂ ಯೂನಿಕೋಡ್‌ನಲ್ಲೇ ಯಾಕೆ ಅಂತೀಯಾ? ನನ್ನ ಮೊದಲ ಕಥೆಗಳನ್ನು ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಈಗ ತೆರೆದರೆ ಇಂಗ್ಲಿಷ್ ಅಕ್ಷರ, ವಿಚಿತ್ರ ಚಿಹ್ನೆಗಳ ಚಿತ್ರಾನ್ನ. ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿತ್ತು, ಅಷ್ಟೆ. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಕ್ಕೆ ತನ್ನದೇ ಸಂಖ್ಯೆ ಇರುವುದರಿಂದ ಫಾಂಟ್ ಬದಲಾದರೂ ಪಠ್ಯ ಹಾಳಾಗುವುದಿಲ್ಲ. ಸೇವ್ ಮಾಡುವಾಗ ಯುಟಿಎಫ್-8 (ಯೂನಿಕೋಡ್ ಪಠ್ಯವನ್ನು ಉಳಿಸುವ ಒಂದು ವಿಧಾನ) ಇದೆಯಾ ನೋಡಿಕೋ. 2019ರ ವಿಂಡೋಸ್ 10 ಅಪ್‌ಡೇಟ್‌ನಿಂದ ಈಚೆಗೆ ನೋಟ್‌ಪ್ಯಾಡ್ ಅದನ್ನೇ ಹಿಡಿಯುತ್ತದೆ. ಹಳೆಯ ಕಂಪ್ಯೂಟರ್‌ನಲ್ಲಿ ಎಎನ್‌ಎಸ್‌ಐ ಅಂತ ಹಳೆಯ ವಿಧಾನ ಇದ್ದು ಹಾಗೇ ಸೇವ್ ಒತ್ತಿಬಿಟ್ಟರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತದೆ.

ಜಾಗದ ಚಿಂತೆಯೂ ಇಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ (ಅಕ್ಷರ, ಕಾಗುಣಿತದ ಚಿಹ್ನೆ ಎಲ್ಲ ಬೇರೆ ಬೇರೆ ಲೆಕ್ಕ) 3 ಬೈಟ್. ದಿನಕ್ಕೆ 500 ಸಂಕೇತ ಅಂದರೂ ವರ್ಷಕ್ಕೆ ಸುಮಾರು 550 ಕೆಬಿ. ಫೋನಿನಲ್ಲಿ ತೆಗೆದ ಒಂದು ಫೋಟೋನೇ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು, ಅಲ್ವಾ? ತಿಂಗಳಿಗೊಮ್ಮೆ ಆ ಫೈಲನ್ನು ನಿನಗೆ ನೀನೇ ಮೇಲ್ ಮಾಡಿಕೋ.

ಅಂದ ಹಾಗೆ, ಬಸ್ಸಿಂದ ಇಳಿದವನು ಪೋಸ್ಟ್‌ಮ್ಯಾನೇ. ಅಣ್ಣ ಯಾಕೆ ಬರಲಿಲ್ಲ ಅಂತ ನನಗೇ ಮರೆತಿತ್ತು, ಮೊನ್ನೆ ಫೈಲಿನಲ್ಲಿ ಹುಡುಕಿದಾಗ ಸಿಕ್ಕಿತು. ಊರಿಗೆ ಬಂದಾಗ ತೋರಿಸುತ್ತೇನೆ.