ಮಗಳಿಗೊಂದು ಪತ್ರ: ಗೀರು ಬಿದ್ದ ಲೆನ್ಸು

ಪ್ರೀತಿಯ ಪುಟ್ಟಿ,

ನಾಳೆ ರಾತ್ರಿ ನಿನ್ನ ಬಸ್ಸು, ನಾಡಿದ್ದು ವಿಮಾನ. ನಮ್ಮ ಕನ್ನಡಕದ ಅಂಗಡಿಯನ್ನು ನೀನೇ ನಡೆಸಬೇಕು ಅಂತ ಆವತ್ತು ಅಲ್ಲಿ ಆದ ಮಾತು ಇಬ್ಬರಿಗೂ ನೆನಪಿದೆ, ಮತ್ತೆ ಬರೆಯೋದಿಲ್ಲ. ಹನ್ನೆರಡು ದಿನದಿಂದ ಅಮ್ಮನ ಮೂಲಕವೇ ಮಾತಾಡುತ್ತಿದ್ದೇವೆ. ಎದುರು ಕೂತರೆ ಮತ್ತೆ ನನ್ನ ದನಿ ಏರುತ್ತದೆ. ಅದಕ್ಕೇ ಈ ಕಾಗದ.

ನೀನು ಹೋಗುವ ಅಮೆರಿಕದ ಕೇಂಬ್ರಿಜ್ ಎಂಥ ಊರು, ಚಳಿ ಎಷ್ಟು ಅಂತ ರಾತ್ರಿಯೆಲ್ಲ ಫೋನಿನಲ್ಲಿ ನೋಡುತ್ತಿದ್ದೆ. ಆಗ ಅಲ್ಲಿನ ಹಳೇ ಲೆನ್ಸಿನ ಮನೆತನವೊಂದು ಸಿಕ್ಕಿತು. ಆಲ್ವನ್ ಕ್ಲಾರ್ಕ್ ಅಂಡ್ ಸನ್ಸ್. ಅಪ್ಪ, ಇಬ್ಬರು ಗಂಡುಮಕ್ಕಳು. ದೂರದರ್ಶಕ ಮಾಡಿ ಮಾರುತ್ತಿದ್ದರು.

ಹೆಸರು ನೋಡಿ ಖುಷಿಯಾಯಿತು. ಅಪ್ಪನ ಕಸುಬನ್ನು ಮಕ್ಕಳು ಹೇಗೆ ಹಿಡಿದರು ನೋಡು ಅಂತ ನಿನಗೆ ತೋರಿಸಬೇಕು ಅಂದುಕೊಂಡೆ. ಓದಿದರೆ ಎಲ್ಲ ಉಲ್ಟಾ. ಅಪ್ಪ ಜನರ ಮುಖ ಬರೆಯುವ ಚಿತ್ರಗಾರ. 1844ರಲ್ಲಿ ಹಿರಿಮಗ ಜಾರ್ಜ್ ಓದುತ್ತಿದ್ದ ಆಂಡೋವರ್ ಶಾಲೆಯಲ್ಲಿ ಊಟದ ಗಂಟೆ ಒಡೆಯಿತು. ಹುಡುಗ ಆ ಚೂರು ಆರಿಸಿಕೊಂಡು, ಕರಗಿಸಿ, ದೂರದರ್ಶಕಕ್ಕೆ ಕನ್ನಡಿ ಮಾಡಲು ಹೊರಟ. ಗಂಟೆಯಲ್ಲಿರುವುದು ತಾಮ್ರ, ತವರ. ಆ ಕಾಲದ ಕನ್ನಡಿಗೂ ಅದೇ ಬೆರಕೆ, ತವರ ಸ್ವಲ್ಪ ಜಾಸ್ತಿ. ಅಪ್ಪ ಬಂದು ಮಗನ ಜೊತೆ ಕೈಹಾಕಿದ. ಆಗ ಅವನಿಗೆ ನಲವತ್ತು ವರ್ಷ.

ಇಲ್ಲಿಗೆ ಬಂದು ಫೋನ್ ಕೆಳಗಿಟ್ಟೆ.

ನಿನಗೆ ಆಗ ಹತ್ತು. ಬಟ್ಟೆ ಅಂಗಡಿಯವರು ಎಸೆದ ರಟ್ಟಿನ ಕೊಳವೆ, ಗಡಿಯಾರ ರಿಪೇರಿಯವರಿಂದ ಕೇಳಿ ತಂದ, ಅವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸು, ಮತ್ತೆ ನನ್ನ ಮೇಜಿನ ಮೇಲಿದ್ದ ಪ್ಲಸ್ ಒಂದು ಪವರಿನ ಲೆನ್ಸು. ಗಿರಾಕಿಯದು, ಸಂಜೆ ಫ್ರೇಮಿಗೆ ಕೂರಿಸಿ ಕೊಡಬೇಕಿತ್ತು. ಅವನ್ನೆಲ್ಲ ಜೋಡಿಸಿ ದೂರದರ್ಶಕ ಮಾಡಿ ನೀನು ಮಹಡಿ ಮೇಲೆ ಚಂದ್ರನನ್ನು ನೋಡುತ್ತಿದ್ದೆ. ನಾನು ಕೊಳವೆ ಕಿತ್ತುಕೊಂಡೆ. ಲೆನ್ಸಿಗೆ ಗೀರು ಬಿತ್ತು. ನಿನ್ನಿಂದ ಬಿತ್ತು ಅಂತ ಹೊಡೆದೆ. ಗೀರು ಬಿದ್ದದ್ದು ನಾನು ಎಳೆದಾಗ, ಪುಟ್ಟಿ. ಅದು ನನಗೆ ಆಗಲೇ ಗೊತ್ತಿತ್ತು.

ಪ್ಲಸ್ ಒಂದರ ಲೆನ್ಸು ಬೆಳಕನ್ನು ಒಂದು ಮೀಟರ್ ದೂರದಲ್ಲಿ ಕೂಡಿಸುತ್ತದೆ ಅಂತ ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಿಸಿಲಿಗೆ ಹಿಡಿದು ನೀನೇ ಅಳೆದಿದ್ದೆ. ಕೊಳವೆ ಸರಿಯಾಗಿ ಅಷ್ಟುದ್ದ ಇತ್ತು. ಹತ್ತು ವರ್ಷದ ಹುಡುಗಿ! ಆವತ್ತು ನಾನು ಒಮ್ಮೆ ಕಣ್ಣಿಟ್ಟು ನೋಡಬಹುದಿತ್ತು. ನೋಡಲಿಲ್ಲ. ಆಮೇಲೆ ನೀನು ಅಂಗಡಿಯ ಒಳಕೋಣೆಗೆ ಕಾಲಿಡೋದೇ ಬಿಟ್ಟೆ. ಈಗ ಅದೇ ಅಂಗಡಿ ನಡೆಸು ಅಂತ ಹಟ ಹಿಡಿದವನು ನಾನೇ.

ಕ್ಲಾರ್ಕ್ ಮನೆಯ ಇನ್ನೊಂದು ವಿಷಯ ಹೇಳಲೇಬೇಕು. ಹದಿನೆಂಟೂವರೆ ಇಂಚಿನ ಲೆನ್ಸೊಂದನ್ನು ಮಿಸಿಸಿಪಿಯ ವಿಶ್ವವಿದ್ಯಾಲಯ ಮಾಡಿಸಿತ್ತು. 1862ರ ಜನವರಿ 31ರಂದು ಕಿರಿಮಗ ಅದನ್ನು ಪರೀಕ್ಷೆ ಮಾಡುವಾಗ ಲುಬ್ಧಕ (ಸಿರಿಯಸ್) ನಕ್ಷತ್ರದ ಪಕ್ಕ ಒಂದು ಮಂಕು ಚುಕ್ಕೆ ಕಂಡ. ಲುಬ್ಧಕಕ್ಕೆ ಕಾಣದ ಜೊತೆಗಾರ ಇದೆ ಅಂತ ಜರ್ಮನಿಯ ಖಗೋಳ ವಿಜ್ಞಾನಿ ಬೆಸೆಲ್ 1844ರಲ್ಲೇ ಹೇಳಿದ್ದರು. ಅದು ಇದೇ! ಅಷ್ಟರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಗಿತ್ತು. ಮಾಡಿಸಿದವರಿಗೆ ಲೆನ್ಸು ಸೇರಲಿಲ್ಲ, ಷಿಕಾಗೊ ಪಾಲಾಯಿತು. ಹಾಗೆ ಕೆಲಸ ಮುಗಿದ ಮೇಲೂ ಒಮ್ಮೆ ನೋಡಬೇಕು. ಆತುರ ಬೇಡ. ರಾತ್ರಿ ನಿದ್ದೆಗೆಡಬೇಡ. ಮಂಜುಗಡ್ಡೆ ಮೇಲೆ ಮೆಲ್ಲಗೆ ನಡಿ. ಬೆಳಗಿನ ತಿಂಡಿ ಬಿಡಬೇಡ. ದುಡ್ಡು ಸಾಲದಿದ್ದರೆ ಅಮ್ಮನಿಗಲ್ಲ, ನನಗೆ ಹೇಳು.

ಅಂಗಡಿ ವಿಷಯ ಇನ್ನು ಎತ್ತುವುದಿಲ್ಲ. ನನ್ನ ನಂತರ ಯಾರು ಅನ್ನೋ ಚಿಂತೆ ಹೋಗಿಲ್ಲ. ಆದರೆ ಅದು ನನ್ನ ಚಿಂತೆ. ನಿನ್ನ ರೋಬೋಟಿನ ಓದು ನನಗೆ ಅರ್ಥವಾಗೋದಿಲ್ಲ. ರಜಕ್ಕೆ ಬಂದಾಗ ತೋರಿಸುತ್ತೀಯಾ? ಪಕ್ಕದಲ್ಲಿ ಕೂರುತ್ತೇನೆ. ನನಗೀಗ ಐವತ್ತೆಂಟು, ಕಲಿಯೋದು ಸ್ವಲ್ಪ ನಿಧಾನ.

ಆ ಕೊಳವೆಗಾಗಿ ಅಟ್ಟವೆಲ್ಲ ಹುಡುಕಿದೆ, ಸಿಗಲಿಲ್ಲ. ಲೆನ್ಸು ಮಾತ್ರ ನನ್ನ ಮೇಜಿನ ಡ್ರಾಯರ್‌ನಲ್ಲೇ ಇತ್ತು. ಹತ್ತಿಯಲ್ಲಿ ಸುತ್ತಿ ನಿನ್ನ ಉಣ್ಣೆ ಕಾಲುಚೀಲದೊಳಗೆ ಇಟ್ಟಿದ್ದೇನೆ. ಗೀರು ಅಂಚಿನಲ್ಲಿದೆ, ನಡುವೆ ಚೆನ್ನಾಗಿಯೇ ಇದೆ.

ನಿನ್ನ ಅಪ್ಪ