ಗೆಳೆಯನಿಗೊಂದು ಪತ್ರ: ಅವಳನ್ನೇ ಕೇಳು

ತೀರ್ಥಹಳ್ಳಿ ಸೀಮೆ,
ಮಘೆ ಮಳೆ ಹಿಡಿದ ಮೂರನೇ ದಿನ

ಪ್ರೀತಿಯ ಗೆಳೆಯಾ,

ನೀನು ನಾಲ್ಕು ಸಲ ಫೋನ್ ಮಾಡಿದ್ದೆ, ನಾನು ಎತ್ತಲಿಲ್ಲ. ಎರಡು ಸಲ ನೆಟ್‌ವರ್ಕ್ ಇರಲಿಲ್ಲ. ಇನ್ನೆರಡು ಸಲ ಇತ್ತು. ನಿನ್ನ ದನಿ ಕೇಳಿದರೆ ಗಂಟಲು ಕಟ್ಟುತ್ತದೆ ಅಂತ ಹೆದರಿಕೆಯಾಯಿತು. ಇವತ್ತು ಮಳೆ ಒಂದಿಷ್ಟು ಹೊಳವಾಗಿದೆ, ಹೆಂಡತಿ ಮಲಗಿದ್ದಾಳೆ, ಬರೆಯಲು ಕೂತಿದ್ದೇನೆ. ಬರೆದದ್ದನ್ನು ಅವಳಿಗೆ ಓದಿ ಹೇಳಿ, ಅವಳು ಹೂಂ ಅಂದರೆ ಎಲ್ಲರಿಗೂ ಕಾಣುವಂತೆ ಹಾಕುತ್ತೇನೆ. ಇದೇ ದಾರಿಯಲ್ಲಿರುವ ಬೇರೆ ಮನೆಯವರಿಗೂ ಉಪಯೋಗಕ್ಕೆ ಬರಲಿ ಅನ್ನುವುದು ಅವಳದೇ ಆಸೆ.

ಯುಗಾದಿ ಹೊತ್ತಿಗೆ ಅವಳ ಎದೆಯಲ್ಲಿ ಕ್ಯಾನ್ಸರಿನ ಗಂಟು ಸಿಕ್ಕಿದ್ದು, ಬೆಂಗಳೂರಲ್ಲಿ ಆಪರೇಷನ್ ಆದದ್ದು ನಿನಗೆ ಗೊತ್ತು. ಆಮೇಲೆ ಶುರುವಾದದ್ದು ಕೀಮೋ, ಕ್ಯಾನ್ಸರಿಗೆ ಡ್ರಿಪ್ಪಿನಲ್ಲಿ ಕೊಡುವ ಔಷಧಿ. ನಮ್ಮಲ್ಲಿ ದಿನ ಎಣಿಸುವುದು ಮಳೆ ನಕ್ಷತ್ರದಲ್ಲಿ, ಒಂದೊಂದಕ್ಕೆ 13-14 ದಿನ. ಈ ವರ್ಷ ನಮ್ಮ ಮನೆಯ ಲೆಕ್ಕ ಮಾತ್ರ 21 ದಿನದ್ದು. ರೋಹಿಣಿಯಲ್ಲಿ ಮೊದಲನೆಯದು, ಮೃಗಶಿರದ ಕೊನೆಗೆ ಎರಡನೆಯದು. ಪುನರ್ವಸುವಿನಲ್ಲಿ ಮೂರನೆಯದು, ಮೊನ್ನೆ ಆಶ್ಲೇಷೆಯಲ್ಲಿ ನಾಲ್ಕನೆಯದು ಮುಗಿಯಿತು. ಇನ್ನು ಮುಂದಿನದು ಬೇರೆ ಔಷಧಿ, ವಾರಕ್ಕೊಂದರಂತೆ 12. ಅದರಲ್ಲಿ ಬೆರಳ ತುದಿ ಜೋಮು ಹಿಡಿಯುತ್ತದಂತೆ. ಆಮೇಲೆ ರೇಡಿಯೇಷನ್.

ಡ್ರಿಪ್ಪಿಗೆ ಶಿವಮೊಗ್ಗಕ್ಕೆ ಹೋಗುತ್ತೇವೆ. ಇಲ್ಲಿಂದ 60 ಕಿಲೋಮೀಟರಿನ ಮೇಲೆ. ಬೆಳಿಗ್ಗೆ ಆರಕ್ಕೆ ಹೊರಡುವುದು. ಹೋಗುವಾಗ ಮಂಡಗದ್ದೆಯಲ್ಲಿ ಕಾರು ನಿಲ್ಲಿಸು ಅನ್ನುತ್ತಾಳೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ ಗೂಡು ಕಟ್ಟುವ ಕಾಲ ಇದು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿರುತ್ತದೆ, ಮರಗಳೆಲ್ಲ ಬೆಳ್ಳಗೆ. ಐದು ನಿಮಿಷ ನೋಡಿ, ಸರಿ ಹೋಗೋಣ ಅನ್ನುತ್ತಾಳೆ. ವಾಪಸ್ ಬರುವಾಗ ಮಂಡಗದ್ದೆ ಬಂದದ್ದೂ ಅವಳಿಗೆ ಗೊತ್ತಾಗುವುದಿಲ್ಲ, ಕಣ್ಣು ಮುಚ್ಚಿ ಒರಗಿರುತ್ತಾಳೆ.

ಮೊದಲ ನಾಲ್ಕೈದು ದಿನ ವಾಕರಿಕೆ. ಕೆಂಪು ಬಣ್ಣದ ಔಷಧಿ ಅದು, ಮೂತ್ರವೂ ಕೆಂಪಾಗುತ್ತದೆ. ನರ್ಸಮ್ಮ ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಬೆಳ್ಳುಳ್ಳಿ ಒಗ್ಗರಣೆ ವಾಸನೆ ಆಗುವುದಿಲ್ಲ, ಕುಚ್ಚಲಕ್ಕಿ ಕುದಿಯುವ ವಾಸನೆಯೂ ಆಗುವುದಿಲ್ಲ. ಸ್ಟೀಲ್ ಚಮಚ ಬಾಯಿಗಿಟ್ಟರೆ ತುಕ್ಕು ಕಬ್ಬಿಣದ ರುಚಿ ಅಂದಳು. ಅಟ್ಟ ಹುಡುಕಿ ಅಮ್ಮನ ಕಾಲದ ಕರಟದ ಚಮಚ ತೆಗೆದು, ಬಿಸಿನೀರಲ್ಲಿ ಕುದಿಸಿ ಕೊಟ್ಟೆ. ತಣ್ಣಗಿನ ಗಂಜಿ, ಪುನರ್ಪುಳಿ ಸಾರು ಸೇರುತ್ತದೆ. ಬಾಯಿ ಹುಣ್ಣಾದ ವಾರ ಅದೂ ಇಲ್ಲ. ಉಪ್ಪು, ಅಡಿಗೆ ಸೋಡಾ ಹಾಕಿದ ನೀರಲ್ಲಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸುವುದು. ಎರಡನೇ ವಾರ ರಕ್ತದ ಬಿಳಿ ಕಣ ಇಳಿಯುತ್ತದೆ, ಸೋಂಕು ಬೇಗ ತಗಲುವ ಹೊತ್ತು ಅದು. ಬಾವಿ ನೀರು ಕುದಿಸಿ ಆರಿಸಿಯೇ ಕುಡಿಯಬೇಕು, ಹಸಿ ಕೋಸಂಬರಿ ಬೇಡ, ನೆಂಟರು ಬೇಡ. ಮೂರನೇ ವಾರ ಅವಳು ಅವಳಾಗುತ್ತಾಳೆ. ಆಗ ಮತ್ತೆ ಹೊರಡುವ ದಿನ ಬಂದಿರುತ್ತದೆ.

ಆರಿದ್ರಾ ಮಳೆಯ ಆ ರಾತ್ರಿಯದು ಹೇಳಲೇಬೇಕು. ಎರಡನೇ ಕೀಮೋ ಆಗಿ ಒಂಬತ್ತನೇ ದಿನ. ರಾತ್ರಿ ಒಂದೂವರೆಗೆ ಮೈ ಮುಟ್ಟಿದರೆ ಕೆಂಡ. ಥರ್ಮಾಮೀಟರು 101 ತೋರಿಸಿತು. ಕರೆಂಟಿಲ್ಲ, ನೆಟ್‌ವರ್ಕಿಲ್ಲ. ಕೀಮೋ ಆಗುತ್ತಿರುವಾಗ ಜ್ವರ 100.4 ದಾಟಿದರೆ ಮನೆಯಲ್ಲಿ ಮಾತ್ರೆ ನುಂಗಿಸಿ ಬೆಳಗಾಗಲಿ ಅಂತ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಬರಬೇಕು ಅಂತ ಡಾಕ್ಟರು ಬರೆದೇ ಕೊಟ್ಟಿದ್ದರು. ಇದನ್ನು ಓದುವ ಯಾರ ಮನೆಯಲ್ಲಾದರೂ ಕೀಮೋ ನಡೆಯುತ್ತಿದ್ದರೆ ಈ ಒಂದು ಮಾತು ನೆನಪಿಡಿ. ಪಕ್ಕದ ಮನೆಯವರನ್ನು ಎಬ್ಬಿಸಿದೆ, ಅವರ ಜೀಪಿನಲ್ಲೇ ಹೊರಟೆವು. ದಾರಿಗೆ ಅಡ್ಡ ಒಂದು ಮರ ಬಿದ್ದಿತ್ತು. ಅವರ ಮಗ ಕತ್ತಿ ಹಿಡಿದು ಮಳೆಯಲ್ಲಿ ಇಳಿದ, ನಾನೂ ಇಳಿದೆ. ಕೊಂಬೆ ಸವರಿ ಜೀಪು ನುಸುಳುವಷ್ಟು ಜಾಗ ಮಾಡಿ ಶಿವಮೊಗ್ಗ ಮುಟ್ಟುವಾಗ ಐದು ಗಂಟೆ. ಐದು ದಿನ ಆ್ಯಂಟಿಬಯೊಟಿಕ್ ಡ್ರಿಪ್, ಬಿಳಿ ಕಣ ಏರಿಸಲು ಹೊಟ್ಟೆಗೆ ಇಂಜೆಕ್ಷನ್. ಆಮೇಲೂ ಕಣ ಸಾಕಷ್ಟು ಏರದೆ ಮೂರನೆಯದು ಒಂದು ವಾರ ಮುಂದೆ ಹೋಯಿತು. ಆ ಮನೆಯವರ ಋಣ ಹೇಗೆ ತೀರಿಸಲಿ ಹೇಳು.

ಖರ್ಚಿನ ವಿಷಯ ಕೇಳಿದ್ದೆ. ನಮ್ಮದು ಎಪಿಎಲ್ ಕಾರ್ಡು. ಸರ್ಕಾರದ ಆಯುಷ್ಮಾನ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷದವರೆಗೆ, ನಮ್ಮಂಥವರಿಗೆ ಪ್ಯಾಕೇಜಿನ ಶೇ 30ರಷ್ಟು, 1.5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ತೆಗೆದಿಟ್ಟುಕೊಳ್ಳಬೇಕು. ಉಳಿದದ್ದು ಹೋದ ವರ್ಷದ ಅಡಿಕೆ. ಬೆಂಗಳೂರಿಗೆ ರೈಲಿನಲ್ಲಿ ಹೋದರೆ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಪೂರ್ತಿ ರಿಯಾಯಿತಿ, ಜೊತೆಗಿದ್ದವರಿಗೆ ಮುಕ್ಕಾಲು ಪಾಲು. ಎಷ್ಟೋ ಜನ ಇದು ತಿಳಿಯದೆ ಪೂರ್ತಿ ದುಡ್ಡು ಕೊಟ್ಟು ಓಡಾಡುತ್ತಾರೆ.

ಬಂದವರಲ್ಲಿ ಅರ್ಧ ಜನ ನರಸೀಪುರದ ಔಷಧಿ ತಂದುಕೊಡಲಾ ಅಂದರು. ಆನಂದಪುರದ ಹತ್ತಿರದ ಆ ಊರಿನಲ್ಲಿ ನಾಟಿ ಔಷಧಿಗೆ ಜನ ಎಷ್ಟು ದೂರದಿಂದ ಬಂದು ಸಾಲು ನಿಲ್ಲುತ್ತಾರೆ ಅಂತ ನಾನೂ ನೋಡಿದವನೇ. ಅವರ ಪ್ರೀತಿಯ ಬಗ್ಗೆ ನನಗೆ ಎರಡು ಮಾತಿಲ್ಲ. ಡಾಕ್ಟರನ್ನು ಕೇಳಿದೆವು. ಕೀಮೋ ನಡೆಯುವಾಗ ಬೇರೆ ಯಾವ ಕಷಾಯ, ಚೂರ್ಣವೂ ಬೇಡ, ಲಿವರಿನ ಮೇಲೆ ಹೊರೆ ಬೀಳಬಹುದು ಅಂದರು. ಇವಳು ಬೇಡ ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಆದರೆ ಬಂದವರು ಔಷಧಿಯನ್ನೂ ನನ್ನ ಹತ್ತಿರವೇ ಕೇಳಿದ್ದು. ಇವಳು ಅಲ್ಲೇ ಜಗಲಿಯಲ್ಲಿ ಕೂತಿದ್ದಾಗಲೇ, "ಊಟ ಸೇರ್ತದಾ ಅವಳಿಗೆ?" ಅಂತ ನನ್ನ ಮುಖ ನೋಡಿ ಕೇಳುತ್ತಾರೆ. ನಾನೂ ಉತ್ತರ ಹೇಳುತ್ತಿದ್ದೆ. ಹೊರಗಿನವರ ಮಾತೇಕೆ, ನಾನು ಅವಳ ಕೆಲಸ ಒಂದೊಂದೇ ಕಿತ್ತುಕೊಂಡಿದ್ದೆ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ಔಷಧಿ ಹೊಡೆಯುವ ಆಳುಗಳ ಲೆಕ್ಕ ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದವಳು ಅವಳು. ಪುಸ್ತಕ ನನ್ನ ಮೇಜಿಗೆ ಬಂತು. ಅಡಿಗೆ ಮನೆಗೆ ಬರಬೇಡ ಅಂದೆ. ಸಗಣಿ, ಗಂಜಲದ ಸೋಂಕು ಬೇಡ ಅಂತ ಡಾಕ್ಟರು ಹೇಳಿದ್ದರಿಂದ ಕೊಟ್ಟಿಗೆಯೂ ತಪ್ಪಿತು. ಎಲ್ಲ ಒಳ್ಳೆಯದಕ್ಕೇ ಅಂತ ನಂಬಿ ಮಾಡಿದ್ದು. ಅವಳು ದಿನದಿನಕ್ಕೆ ಮಾತು ಕಡಿಮೆ ಮಾಡಿದಳು. ಔಷಧಿಯ ಸುಸ್ತು ಅಂತ ತಿಳಿದಿದ್ದೆ.

ತಿಳಿಸಿಕೊಟ್ಟದ್ದು ಹಸು. ಹಾಲು ಕರೆಯಲು ಕೂತರೆ ನನಗೆ ಸೊರೆ ಬಿಡಲಿಲ್ಲ, ಹಾಲು ಇಳಿಸಲಿಲ್ಲ. ಮೂರು ದಿನ ಕರುವಿಗೇ ಬಿಟ್ಟೆ. ನಾಲ್ಕನೇ ದಿನ ಇವಳು ತಲೆಗೆ ಬಟ್ಟೆ ಸುತ್ತಿಕೊಂಡು, ಕೊಟ್ಟಿಗೆಯ ಬಾಗಿಲಿಂದ ಮಾರು ದೂರ ನಿಂತು ಹಸುವನ್ನು ಕೂಗಿದಳು, ದಿನಾ ಕೂಗುವ ಹಾಗೇ. ಹಸು ಕಿವಿ ಎತ್ತಿತು, ಹಾಲು ಇಳಿಯಿತು. ಅವಳು ಅಳುತ್ತಿದ್ದಳು. ಆಮೇಲೆ ನನಗೆ ಹೇಳಿದಳು: "ಕಾಯಿಲೆ ಬಂದದ್ದು ನನಗೆ. ನನ್ನನ್ನ ಕೇಳಿ. ಆಗದಿದ್ರೆ ಆಗಲ್ಲ ಅಂತ ನಾನೇ ಹೇಳ್ತೀನಿ."

ಅವತ್ತೇ ಲೆಕ್ಕದ ಪುಸ್ತಕ ವಾಪಸ್ ಕೊಟ್ಟೆ. ತೋಟಕ್ಕೆ ಎರಡನೇ ಸಲ ಬೋರ್ಡೋ ಹೊಡೆಸುವ ದಿನ ನಿರ್ಧಾರ ಮಾಡಿದ್ದು ಅವಳೇ. ದಿನಾ ಸಂಜೆ ಕೊಟ್ಟಿಗೆಯ ಹೊರಗೆ ನಿಂತು ಅವಳು ಹಸುವನ್ನು ಕರೆಯುತ್ತಾಳೆ, ನಾನು ಹಾಲು ಕರೆಯುತ್ತೇನೆ. ಕೂದಲು ಉದುರಲು ಶುರುವಾಗಿದ್ದಾಗಲೂ ಮಿಶಿನ್ ತಂದು ಬೋಳಿಸಿಬಿಡಿ ಅಂತ ಹೇಳಿದ್ದು ಅವಳೇ, ಹಂಡೆ ನೀರು ಕಾದ ಮೇಲೆ, ಬಚ್ಚಲಲ್ಲಿ. ಆಪರೇಷನ್ ಆದ ಕಡೆಯ ಕೈ ಮೇಲೆತ್ತಲು ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಕೊಟ್ಟಿದ್ದಾರೆ. ಮಗಳು ಬೆಳೆದ ಎತ್ತರ ಗುರುತು ಹಾಕುತ್ತಿದ್ದ ಅದೇ ಗೋಡೆಯಲ್ಲಿ ಅವಳ ಪೆನ್ಸಿಲ್ ಗೆರೆಗಳೂ ಏರುತ್ತಿವೆ. ನಿನ್ನೆಯ ಗೆರೆ ಮಗಳ ಏಳನೇ ಕ್ಲಾಸಿನ ಗೆರೆ ದಾಟಿತು.

ಅಂಗಳದಲ್ಲಿ ಡೇರೆ ಹೂ ಬಿಟ್ಟಿವೆ. ನಿಮ್ಮ ಮನೆಯ ಬಿಳಿ ಡೇರೆಯ ಗಡ್ಡೆ ಇನ್ನೂ ಇದೆಯಾ ಅಂತ ಇವಳು ಕೇಳುತ್ತಿದ್ದಳು. ಅದನ್ನು ನೀನು ಅವಳಿಗೇ ಹೇಳು. ನನ್ನ ನಂಬರಿಗೆ ಬೇಡ, ಅವಳ ನಂಬರಿಗೆ ಮಾಡು, ಸಂಜೆ ಐದರ ಮೇಲೆ. ಆ ಹೊತ್ತಿಗೆ ಜಗಲಿಯ ತುದಿಯಲ್ಲಿ ಕೂತಿರುತ್ತಾಳೆ, ಅಲ್ಲಿ ನೆಟ್‌ವರ್ಕ್ ಸಿಗುತ್ತದೆ.

ನಿನ್ನ ಗೆಳೆಯ